ಕಣಗಿಲೆಪುರದ ನಾಯಿ ವಿಲೇವಾರಿ

ಕಣಗಿಲೆಪುರ ಅಂತ ಒಂದು ರಾಜ್ಯವಿತ್ತು. ರಾಜ ಅರಮನೆಯಲ್ಲಿ ಸೀನಿದರೆ ಗಡಿಯ ಕಾವಲುಗಾರ ನಿಂತಲ್ಲಿಂದಲೇ ‘ನೂರು ವರ್ಷ ಬಾಳಿ’ ಅನ್ನಬಹುದಾದಷ್ಟು ದೊಡ್ಡ ರಾಜ್ಯ. ಇದ್ದದ್ದು ಒಂದೇ ಊರು. ಊರಿಗೆ ಮೂರು ಬೀದಿ: ಕುಂಬಾರಗೇರಿ, ಗಾಣಿಗರ ಬೀದಿ, ಬಳೆಗಾರರ ಬೀದಿ. ಆದರೂ ಇಲಾಖೆಗಳಿಗೆ ಬರವಿರಲಿಲ್ಲ. ಮನುಷ್ಯರಿಗೆ ಹನ್ನೊಂದು ಇಲಾಖೆ, ಪ್ರಾಣಿಗಳಿಗೆ ಒಂದು.

ಆ ಒಂದರ ಹೆಸರು ಮೂಕಪ್ರಾಣಿ ಇಲಾಖೆ. ಅದರ ಅಧಿಕಾರಿ ಮುದ್ದರಾಜಯ್ಯನವರು. ಇಲಾಖೆಯ ಬಂಡಿ ಹೊಡೆಯುತ್ತಿದ್ದವಳು ಮಂಚಮ್ಮ. ಗಂಡ ಹೊಡೆಯುತ್ತಿದ್ದ ಬಂಡಿ ಅದು. ಅವನು ತೀರಿಕೊಂಡ ಮೇಲೆ ಹಗ್ಗ ಇವಳ ಕೈಗೆ ಬಂದಿತ್ತು. ಬಂಡಿಯ ಮೇಲೆ ಒಂದು ಬಿದಿರಿನ ಪಂಜರ, ಬಂಡಿಯ ಹಿಂದೆ ಬಲೆ ಹಿಡಿದ ಇಬ್ಬರು ಆಳುಗಳು.

ಒಂದು ದಿನ ಕುಂಬಾರಗೇರಿಯಿಂದ ಅರ್ಜಿ ಬಂತು. ಬರೆದವನು ಕುಂಬಾರ ಸಣ್ಣಸ್ವಾಮಿ. ‘ನಮ್ಮ ಬೀದಿಯ ಕೆಂಚಿ ಎಂಬ ಹೆಣ್ಣುನಾಯಿ ದಿನಾ ಬೆಳಗಾಗುವ ಮುಂಚೆ ಬೊಗಳುತ್ತೆ. ಯಾಕೆ ಅಂತ ವಿಚಾರಿಸಬೇಕು.’

ವಿಚಾರಿಸಬೇಕು ಅನ್ನುವ ಮಾತು ಅರ್ಜಿಯ ಕೊನೆಯಲ್ಲಿತ್ತು. ಮುದ್ದರಾಜಯ್ಯನವರು ಅರ್ಜಿಯನ್ನು ಕೊನೆಯವರೆಗೆ ಓದುವವರಲ್ಲ. ಮೊದಲಿಂದ ಓದುವವರೂ ಅಲ್ಲ. ಕೆಳಗೆ ಖಾಲಿ ಜಾಗ ಎಲ್ಲಿದೆ ಎಂದು ನೋಡಿ, ‘ಹಿಡಿದು ಪಕ್ಕದ ಬೀದಿಗೆ ಬಿಡುವುದು’ ಎಂದು ಬರೆದು ಸಹಿ ಹಾಕುತ್ತಿದ್ದರು. ಹಿಡಿಯಬೇಕಾದ್ದು ಯಾರನ್ನು ಎಂಬುದನ್ನು ಬಲೆಯವರು ಓದಿಕೊಳ್ಳುತ್ತಿದ್ದರು.

ಮಂಚಮ್ಮ ಕೆಂಚಿಯನ್ನು ಗಾಣಿಗರ ಬೀದಿಗೆ ಬಿಟ್ಟು ಬಂದಳು. ಪುಸ್ತಕದಲ್ಲಿ ‘ವಿಲೇವಾರಿ’ ಎಂದು ದಾಖಲಾಯಿತು.

ಗಾಣಿಗರ ಬೀದಿಯ ನಾಯಿಗಳು ಕೆಂಚಿಯನ್ನು ಮೂಲೆಗೆ ಒತ್ತಿದವು. ಕೆಂಚಿ ಹೆದರಿ, ದಾರಿಯಲ್ಲಿ ಹೋಗುತ್ತಿದ್ದ ಗಾಣಿಗನ ಕಾಲಿಗೆ ಬಾಯಿ ಹಾಕಿತು. ಅರ್ಜಿ ಬಂತು. ಸಹಿ ಬಿತ್ತು. ಮಂಚಮ್ಮ ಅದನ್ನು ಬಳೆಗಾರರ ಬೀದಿಗೆ ಬಿಟ್ಟಳು. ವಿಲೇವಾರಿ.

ಬಳೆಗಾರರ ಬೀದಿಯಲ್ಲಿ ಯಾರೂ ಅದಕ್ಕೆ ತುತ್ತು ಹಾಕಲಿಲ್ಲ. ಬಸಿರಿ ನಾಯಿ, ಹಸಿವು ತಡೆಯದೆ ಒಬ್ಬರ ಮನೆಯ ರೊಟ್ಟಿ ಬುಟ್ಟಿಗೆ ನುಗ್ಗಿತು. ಅರ್ಜಿ ಬಂತು. ಸಹಿ ಬಿತ್ತು. ಬಳೆಗಾರರ ಬೀದಿಯ ಪಕ್ಕದ ಬೀದಿ ಕುಂಬಾರಗೇರಿಯೇ ಆದ್ದರಿಂದ ಕೆಂಚಿ ಹೊರಟಲ್ಲಿಗೇ ಬಂದು ಇಳಿಯಿತು. ನಾಯಿ ಒಂದು, ವಿಲೇವಾರಿ ಮೂರು.

ಹೀಗೆ ಊರಿನ ಎಲ್ಲ ನಾಯಿಗಳೂ ಎಲ್ಲ ಬೀದಿಗಳನ್ನೂ ನೋಡಿದವು. ಗುರುತಿಲ್ಲದ ಬೀದಿಯಲ್ಲಿ ನಾಯಿ ಕಚ್ಚುತ್ತದೆ. ಕಚ್ಚಿದರೆ ಅರ್ಜಿ ಬರುತ್ತದೆ. ಅರ್ಜಿ ಬಂದರೆ ವಿಲೇವಾರಿಯಾಗುತ್ತದೆ. ಹನ್ನೆರಡು ಇಲಾಖೆಗಳಲ್ಲಿ ಇಷ್ಟು ಚುರುಕಾದ ಇಲಾಖೆ ಇನ್ನೊಂದಿಲ್ಲ ಎಂದು ರಾಜನಿಗೆ ಮನವರಿಕೆಯಾಯಿತು. ‘ಗುರುವಾರ ನಾಯಿಯಿಲ್ಲದ ಬೀದಿಗಳನ್ನು ನೋಡೋದಕ್ಕೆ ನಾವೇ ಬರ್ತೀವಿ. ಮುದ್ದರಾಜಯ್ಯನವರಿಗೆ ಅಲ್ಲೇ ಶಾಲು ಹೊದಿಸೋಣ’ ಎಂದು ಹೇಳಿ ಕಳಿಸಿದ.

ಮುದ್ದರಾಜಯ್ಯನವರು ಬುಧವಾರ ಮಂಚಮ್ಮನನ್ನು ಕರೆದರು.

‘ನಾಳೆ ಬೆಳಿಗ್ಗೆ ಊರಿನ ನಾಯಿಗಳನ್ನೆಲ್ಲ ಹೊಳೆ ನಡುವಿನ ಮರಳದಿಬ್ಬಕ್ಕೆ ಬಿಟ್ಟು ಬಾ.’

‘ಮಳೆಗಾಲದ ಹೊಳೆ, ಬುದ್ಧಿ. ಮೇಲೆ ಮಳೆಯಾದ್ರೆ ದಿಬ್ಬ ಮುಳುಗೋಗುತ್ತೆ.’

‘ನೀರಿನ ವಿಚಾರ ನೀರಿನ ಇಲಾಖೇದು. ಇನ್ನೊಂದು ಇಲಾಖೆಯ ಕೆಲಸದಲ್ಲಿ ನಾವು ತಲೆ ಹಾಕಬಾರದು.’

‘ಕೆಂಚಿ ಮರಿ ಹಾಕಿದೆ ಬುದ್ಧಿ. ನಾಲ್ಕು ಮರಿ. ಇನ್ನೂ ಕಣ್ಣು ಬಿಟ್ಟಿಲ್ಲ.’

‘ಒಳ್ಳೇದೇ ಆಯ್ತು. ಎಲ್ಲಿಗೆ ಹೋಗ್ತಿದೀವಿ ಅಂತ ಅವಕ್ಕೆ ಗೊತ್ತಾಗಲ್ಲ.’

‘ನನ್ನ ಕೈಲಾಗಲ್ಲ ಅಂದ್ರೆ?’

‘ಹಗ್ಗ ಇಟ್ಟು ಹೋಗು. ಬಂಡಿ ಹೊಡೆಯೋರು ಬೇಕಾದಷ್ಟು ಜನ ಇದಾರೆ.’

ಮಂಚಮ್ಮ ನೇರ ಕುಂಬಾರಗೇರಿಗೆ ಹೋದಳು. ಮಡಕೆ ಸುಡುವ ಆವಿಗೆಯ ಪಕ್ಕದ ಹುಲ್ಲಿನಲ್ಲಿ ಕೆಂಚಿ ಮಲಗಿತ್ತು. ಮರಿಗಳು ಒಂದರ ಮೇಲೊಂದು ಬಿದ್ದು ಹಾಲು ಕುಡಿಯುತ್ತಿದ್ದವು. ಮೂರು ಸಲ ತನ್ನನ್ನು ಹೊತ್ತೊಯ್ದವಳನ್ನು ಕಂಡು ನಾಯಿ ಗುರುಗುಟ್ಟಲಿಲ್ಲ, ಬಾಲ ಆಡಿಸಿತು. ಮಂಚಮ್ಮನಿಗೆ ಅದರ ಕಣ್ಣು ನೋಡಲಾಗಲಿಲ್ಲ. ಹಗ್ಗ ಇಟ್ಟು ಹೋದರೆ ತನ್ನ ಅನ್ನ ಹೋಗುತ್ತದೆ, ನಾಯಿಗಳೂ ಉಳಿಯುವುದಿಲ್ಲ. ಅವಳು ಅಲ್ಲೇ ಕುಕ್ಕರಿಸಿದಳು.

‘ಅರ್ಜಿ ಕೊಟ್ಟ ಪಾಪಿ ನಾನೇ ಕಣಕ್ಕ’ ಅಂದ, ಆವಿಗೆಗೆ ಸೌದೆ ಜೋಡಿಸುತ್ತಿದ್ದ ಸಣ್ಣಸ್ವಾಮಿ. ‘ಕೆಂಚಿ ಹೋದ ಮಾರನೇ ದಿನವೇ ಕತ್ತೆಗಳು ಬಂದು ಒಣಗೋಕಿಟ್ಟ ಮಡಕೆ ಎಲ್ಲಾ ತುಳಿದು ಹೋದವು. ಯಾಕೆ ಬೊಗಳ್ತಿದ್ದಳು ಅಂತ ಆವಾಗ ಗೊತ್ತಾಯ್ತು.’

‘ಪಾಪ ಕಳ್ಕೊಬೇಕಾ ಅಣ್ಣ?’

‘ಹೇಳು.’

‘ಇನ್ನೊಂದು ಅರ್ಜಿ ಬರಿ. ಹೆಸರು ಬೇಡ, ಗುರುತು ಸಾಕು.’

ಗುರುವಾರ ಬೆಳಿಗ್ಗೆ ಮುದ್ದರಾಜಯ್ಯನವರು ಚಾವಡಿಯಲ್ಲಿ ಕನ್ನಡಿ ಹಿಡಿದು, ಬರಲಿರುವ ಶಾಲಿಗೆ ಯಾವ ಪೇಟ ಒಪ್ಪುತ್ತದೆ ಎಂದು ನೋಡುತ್ತಿದ್ದರು.

‘ಸಾಗಿಸಿ ಆಯ್ತಾ?’

‘ಒಂದರದು ಸಹಿ ಆಗ್ಬೇಕು ಬುದ್ಧಿ’ ಎಂದು ಮಂಚಮ್ಮ ಅರ್ಜಿ ಚಾಚಿದಳು. ಕನ್ನಡಿಯಿಂದ ಕಣ್ಣು ತೆಗೆಯದೆ ಅವರು ಬರೆದು, ಸಹಿ ಹಾಕಿ, ಕೊರಳಿನ ಮುದ್ರೆ ಒತ್ತಿದರು: ಹಿಡಿದು ಪಕ್ಕದ ಬೀದಿಗೆ ಬಿಡುವುದು.

ಮಂಚಮ್ಮ ಅದನ್ನು ಬಲೆಯವರ ಕೈಗೆ ಕೊಟ್ಟಳು. ಹಿರಿಯವನು ಗಟ್ಟಿಯಾಗಿ ಓದಿದ. ‘ಚಾವಡಿಯ ನೆರಳಲ್ಲಿ ಒಂದು ಪ್ರಾಣಿ ಠಿಕಾಣಿ ಹೂಡಿದೆ. ಉಂಡು ಕೂತಲ್ಲೇ ತೂಕಡಿಸುತ್ತೆ. ಬಂದವರ ಮೇಲೆ ಗುರ್ ಅನ್ನುತ್ತೆ. ಕೊರಳಲ್ಲಿ ಕೆಂಪು ದಾರ, ದಾರದಲ್ಲಿ ಇಲಾಖೆಯ ಮುದ್ರೆ.’

ಇಬ್ಬರೂ ಅಧಿಕಾರಿಯ ಕೊರಳು ನೋಡಿದರು. ಕೆಂಪು ದಾರವಿತ್ತು. ಮುದ್ರೆಯಿತ್ತು.

‘ಏನ್ರೋ ಹಾಗೆ ನೋಡ್ತೀರಿ?’ ಎಂದು ಮುದ್ದರಾಜಯ್ಯನವರು ಗದರಿದರು.

‘ಗುರ್ ಅಂತು’ ಅಂದ ಕಿರಿಯವನು. ‘ಇದೇ ಇರ್ಬೇಕು ಕಣಣ್ಣ.’

ಇಲಾಖೆಯಲ್ಲಿ ಆಜ್ಞೆಯನ್ನು ಪ್ರಶ್ನಿಸುವ ಪದ್ಧತಿ ಇರಲಿಲ್ಲ. ಆ ಪದ್ಧತಿಯನ್ನು ತೆಗೆದುಹಾಕಿದವರು ಮುದ್ದರಾಜಯ್ಯನವರೇ. ಬಲೆ ಬಿತ್ತು. ಪಂಜರದ ಬಾಗಿಲು ಮುಚ್ಚಿತು. ‘ನಾನು ಅಧಿಕಾರಿ ಕಣ್ರೋ’ ಎಂದು ಒಳಗಿನಿಂದ ಕೂಗು ಬಂತು. ಪಂಜರದಿಂದ ಕೂಗು ಬರುವುದು ಬಲೆಯವರಿಗೆ ಹೊಸದಲ್ಲ.

ಬಂಡಿ ಕುಂಬಾರಗೇರಿಗೆ ಹೋಯಿತು. ‘ನಮ್ಮ ಬೀದಿಗೆ ಬೇಡಮ್ಮ, ಇರೋ ಕತ್ತೆಗಳೇ ಸಾಕು’ ಅಂದರು ಕುಂಬಾರರು. ಗಾಣಿಗರ ಬೀದಿಗೆ ಹೋಯಿತು. ‘ಇದಕ್ಕೆ ಮೇವು ಹಾಕೋರು ಯಾರು?’ ಅಂದರು ಗಾಣಿಗರು. ಬಳೆಗಾರರ ಬೀದಿಗೆ ಹೋಯಿತು. ಅಲ್ಲಿ ಎಲ್ಲರೂ ಕೈಮುಗಿದು ನಿಂತಿದ್ದರು. ರಾಜನ ಪಲ್ಲಕ್ಕಿ ಆಗತಾನೆ ಬಂದು ನಿಂತಿತ್ತು, ಹಿಂದೆ ಶಾಲಿನ ತಟ್ಟೆ.

‘ಮುದ್ದರಾಜಯ್ಯನವರೇ, ಪಂಜರದಲ್ಲಿ ಏನು ಮಾಡ್ತಿದೀರಿ?’

‘ಪರಿಶೀಲನೆ, ಮಹಾಸ್ವಾಮಿ.’

ರಾಜ ಮಂಚಮ್ಮನ ಕೈಯಿಂದ ಅರ್ಜಿ ತೆಗೆದುಕೊಂಡು ಓದಿದ. ‘ಸಹಿ ನಿಮ್ಮದೇನಾ?’

ಅಲ್ಲ ಅನ್ನುವ ಹಾಗಿರಲಿಲ್ಲ, ಮುದ್ರೆ ಕೊರಳಲ್ಲಿತ್ತು. ಓದದೆ ಹಾಕಿದೆ ಅನ್ನುವ ಹಾಗೂ ಇರಲಿಲ್ಲ. ‘ನಮ್ಮದೇ’ ಅಂದರು.

‘ಸರಿ, ಇಷ್ಟೊಂದು ವಿಲೇವಾರಿ ಆಗಿದ್ರೆ, ಈ ಬೀದಿ ತುಂಬ ಓಡಾಡ್ತಿರೋದು ಏನು?’

ಮಂಚಮ್ಮ ಮುಂದೆ ಬಂದು ಕೈಮುಗಿದಳು.

‘ನಾಯಿ ಅವೇ ಬುದ್ಧಿ. ಬೀದಿ ಮಾತ್ರ ಬದಲಾಗ್ತಿತ್ತು. ಇವತ್ತು ಬೆಳಿಗ್ಗೆ ಇವನ್ನೆಲ್ಲ ಮರಳದಿಬ್ಬಕ್ಕೆ ಬಿಡು ಅಂದ್ರು. ನಾನು ಬಿಡಲಿಲ್ಲ. ತಪ್ಪಾಗಿದ್ರೆ ಶಿಕ್ಷೆ ಕೊಡಿ.’

‘ಯಾವ ದಿಬ್ಬ?’

ಮಂಚಮ್ಮ ಕೈ ತೋರಿಸಿದಳು. ಬೀದಿಯ ಕೊನೆಗೆ ಹೊಳೆ ಕಾಣುತ್ತಿತ್ತು. ಕೆಂಪು ನೀರು ದಡದಿಂದ ದಡಕ್ಕೆ ಹರಿಯುತ್ತಿತ್ತು. ದಿಬ್ಬ ಕಾಣುತ್ತಿರಲಿಲ್ಲ.

ರಾಜ ಪಲ್ಲಕ್ಕಿಯಿಂದ ಇಳಿದ. ‘ವಿಲೇವಾರಿ ಎಷ್ಟು ಅಂತ ದಿನಾ ಕೇಳ್ತಿದ್ದೆ. ಎಲ್ಲಿಗೆ ಅಂತ ಒಂದು ದಿನವೂ ಕೇಳಲಿಲ್ಲ’ ಅಂದ. ಶಾಲು ಬಂದ ಹಾಗೆಯೇ ಅರಮನೆಗೆ ವಾಪಸಾಯಿತು.

ಅಂದಿನಿಂದ ಕಣಗಿಲೆಪುರದಲ್ಲಿ ಕ್ರಮ ಬದಲಾಯಿತು. ಅರ್ಜಿ ಬಂದರೆ ಮೊದಲು ಆ ಬೀದಿಗೆ ಹೋಗಿ ವಿಚಾರಿಸಬೇಕು. ಆ ಕೆಲಸ ಮಂಚಮ್ಮನದಾಯಿತು. ನಾಯಿಗಳನ್ನು ಇಲಾಖೆಯ ವೈದ್ಯರ ಬಳಿಗೆ ಒಯ್ದು, ಮತ್ತೆ ಮರಿ ಹಾಕದಂತೆ ಶಸ್ತ್ರಚಿಕಿತ್ಸೆ ಮಾಡಿಸಿ, ಹಿಡಿದ ಬೀದಿಗೇ ತಂದು ಬಿಡಬೇಕು. ವೈದ್ಯರು ಇಲಾಖೆಯಲ್ಲಿ ಮೊದಲಿಂದಲೂ ಇದ್ದರು. ಅವರ ಬಳಿಗೆ ನಾಯಿಯನ್ನು ಕಳಿಸಬಹುದು ಎಂದು ಯಾರಿಗೂ ಹೊಳೆದಿರಲಿಲ್ಲ. ಚಿಕಿತ್ಸೆಯ ಹೊತ್ತಿಗೆ ನಾಯಿಯ ತಲೆ ಹಿಡಿದುಕೊಳ್ಳುವ ಹೊಣೆ ಮುದ್ದರಾಜಯ್ಯನವರ ಪಾಲಿಗೆ ಬಂತು. ಈಗ ಅವರು ಪ್ರತಿ ಅರ್ಜಿಯನ್ನೂ ಎರಡೆರಡು ಸಲ ಓದುತ್ತಾರೆ, ಬರಲಿರುವ ನಾಯಿ ಕಚ್ಚುವಂಥದ್ದೋ ಅಲ್ಲವೋ ತಿಳಿಯಬೇಕಲ್ಲ.

ವರ್ಷ ಕಳೆಯುವುದರೊಳಗೆ ಮೂರು ಬೀದಿಗೂ ತಮ್ಮ ತಮ್ಮ ನಾಯಿಗಳ ಹೆಸರು ಬಾಯಿಗೆ ಬಂತು. ಕಚ್ಚುವುದು ಕಡಿಮೆಯಾಯಿತು. ಕೆಂಚಿಯ ನಾಲ್ಕು ಮರಿಗಳೂ ಕಣ್ಣು ಬಿಟ್ಟು, ಮೊದಲು ಕಂಡ ಕತ್ತೆಯನ್ನೇ ಅಟ್ಟಿಸಿಕೊಂಡು ಹೋದವು.

ಕೇಳಿದಿರಲ್ಲ ಮಕ್ಕಳೇ, ಇದರ ನೀತಿ ಇಷ್ಟೇ. ಒಂದು ಬೀದಿಯ ತೊಂದರೆಯನ್ನು ಇನ್ನೊಂದು ಬೀದಿಯಲ್ಲಿ ಇಳಿಸಿ ಬಂದರೆ ತೊಂದರೆ ತೀರುವುದಿಲ್ಲ. ಅದು ಇರುವ ಕಡೆಗೇ ಹೋಗಿ, ಯಾಕೆ ಎಂದು ಕೇಳಿದವರು ಮಾತ್ರ ಅದನ್ನು ತೀರಿಸುತ್ತಾರೆ.