ಬಿಳೇಕಲ್ಲಿನ ಗಾಳೆವ್ವನ ಮೇಳ

ಬಹಳ ಹಿಂದೆ, ಒಂದೂರಲ್ಲಿ, ಗಾಳೆವ್ವ ಅಂತ ಒಬ್ಬಳು ಹೆಣ್ಣುಮಗಳಿದ್ದಳು. ಎಷ್ಟು ಹಿಂದೆ ಅಂತ ಕೇಳಬೇಡಿ. ನನಗೆ ಹೇಳಿದವಳು ನಮ್ಮಜ್ಜಿ. ಅವಳಿಗೆ ಹೇಳಿದವಳು ಅವಳಜ್ಜಿ. ಆ ಅಜ್ಜಿಯೂ ಬಹಳ ಹಿಂದೆ ಅಂತಲೇ ಶುರು ಮಾಡುತ್ತಿದ್ದಳಂತೆ. ಊರು ಮಾತ್ರ ಇದೇ, ನಮ್ಮ ಬಿಳೇಕಲ್ಲು. ಆಗ ಇಲ್ಲಿ ಬಸ್ಸಿಲ್ಲ, ದೀಪದ ಕಂಬ ಇಲ್ಲ. ಊರ ಹಿಂದೆ ಸುಣ್ಣದ ಕಲ್ಲಿನ ಗುಡ್ಡ, ಊರ ಮುಂದೆ ಸುಣ್ಣದ ಭಟ್ಟಿ. ಕಲ್ಲು ಕಡಿಯೋರು, ಸುಡೋರು, ಗಾರೆ ಅರೆಯೋರು, ಇಷ್ಟೇ ಜನ.

ಗಾಳೆವ್ವನ ಕೆಲಸ ಮಾಳಿಗೆ ಬಡಿಯೋದು. ಈಗ ನಿಮ್ಮ ಮನೆಗಳಿಗೆ ಸಿಮೆಂಟು ಸುರಿದು ಹೋಗುತ್ತಾರೆ. ಆಗ ಹಾಗಲ್ಲ. ಮಾಳಿಗೆ ಮೇಲೆ ಸುಣ್ಣದ ಗಾರೆ ಹರಡಿ, ಬೆಲ್ಲದ ನೀರು ಚಿಮುಕಿಸಿ, ಹೆಂಗಸರು ಸಾಲಾಗಿ ಕೂತು ಕಟ್ಟಿಗೆಯ ಕೊಡತಿಯಿಂದ ಬಡಿಯಬೇಕು. ಬೆಳಗಿನಿಂದ ಬೈಗಿನ ತನಕ ಬಡಿಯಬೇಕು, ಮರುದಿನವೂ ಬಡಿಯಬೇಕು. ಎಲ್ಲರ ಏಟು ಒಟ್ಟಿಗೆ ಬೀಳದಿದ್ದರೆ ಮಾಳಿಗೆ ಸೋರುತ್ತದೆ. ಒಟ್ಟಿಗೆ ಬೀಳಬೇಕಾದರೆ ಹಾಡು ಬೇಕು. ಆ ಹಾಡು ಗಾಳೆವ್ವನದು. ಅವಳು ಹಾಡಿ ಬಡಿಸಿದ ಮಾಳಿಗೆ ಒಂದೂ ಸೋರಲಿಲ್ಲವಂತೆ. ಕೆಲವರು ಹೇಳುತ್ತಾರೆ, ಆ ಮಾಳಿಗೆಯ ಮೇಲೆ ಮಳೆಯೂ ತಾಳ ಹಿಡಿದು ಬೀಳುತ್ತಿತ್ತಂತೆ. ನಾನು ಕಂಡಿಲ್ಲ, ಕೇಳಿದ್ದು ಹೇಳುತ್ತೇನೆ.

ಒಂದು ಸಲ ಊರ ಗೌಡರ ಮನೆಯಲ್ಲಿ ಮಗಳ ಮದುವೆಯ ತಯಾರಿ. ಮೇಲೆ ಗಾಳೆವ್ವ ಮತ್ತು ಗೆಳತಿಯರು ಮಾಳಿಗೆ ಬಡಿಯುತ್ತಿದ್ದರು. ಕೆಳಗೆ ಅಂಗಳದಲ್ಲಿ ಪಿಂಜಾರ ಲಾಲಸಾಬ ಮದುವೆ ಗಾದಿಗೆ ಅರಳೆ ಹಿಂಜುತ್ತಿದ್ದ. ಅರಳೆ ಹಿಂಜೋ ಬಿಲ್ಲು ಆಳೆತ್ತರದ್ದು, ಅದರ ತಂತಿ ಮೀಟಿದರೆ ಡಂಯ್ ಅಂತ ಓಣಿಗೆಲ್ಲ ಕೇಳುತ್ತದೆ. ಲಾಲಸಾಬ ಮೊದಲು ತನ್ನ ಪಾಡಿಗೆ ಮೀಟುತ್ತಿದ್ದ. ಆಮೇಲೆ ಅವನಿಗೇ ತಿಳಿಯದ ಹಾಗೆ ಅವನ ಕೈ ಮಾಳಿಗೆಯ ಏಟಿಗೆ ಕೂಡಿಕೊಂಡಿತು. ಅಷ್ಟರಲ್ಲಿ ಹಲಗೆ ಬಾರಿಸುವ ಮರಿಯಪ್ಪ ಡಂಗುರ ಸಾರಲು ಬಂದವನು ಬಾಗಿಲಲ್ಲಿ ನಿಂತುಬಿಟ್ಟ. ಸಾರಬೇಕಾದ ಸುದ್ದಿ ಮರೆತ. ಹಲಗೆ ತಾನೇ ಶುರುವಾಯಿತು ಅನ್ನುತ್ತಾರೆ.

ಗಾಳೆವ್ವ ಮೇಲಿನಿಂದ ಹಾಡಿದಳು, "ಯಾರು ಬಡಿದ ಮಾಳಿಗಿ ಇದು?" ಗೆಳತಿಯರು ಅಂದರು, "ನಾವು ಬಡಿದ ಮಾಳಿಗಿ ಇದು." ಅವಳು ಮತ್ತೆ ಕೇಳಿದಳು, "ಯಾರು ತಂದ ಕಲ್ಲು ಇದು?" ಈ ಸಲ ಉತ್ತರ ಓಣಿಯಿಂದ ಬಂತು. ಕಲ್ಲು ಹೊರುವ ಗಂಡಸರು ಹೊರೆ ಇಳಿಸಿ ನಿಂತಿದ್ದರು. "ನಾವು ತಂದ ಕಲ್ಲು ಇದು" ಅಂದರು. ಅವತ್ತು ಗೌಡರ ಮನೆಯಲ್ಲಿ ರೊಟ್ಟಿ ಸುಡುವವರೂ ಹಾಡಿದರಂತೆ, ನೀರು ಸೇದುವವರೂ ಹಾಡಿದರಂತೆ. ಮದುವೆ ಮಾತಿಗೆ ಬಂದ ಬೀಗರು ಮದುಮಗಳನ್ನು ನೋಡುವುದು ಬಿಟ್ಟು ಮಾಳಿಗೆ ನೋಡುತ್ತಾ ನಿಂತರಂತೆ.

ಮೇಳ ಹುಟ್ಟಿದ್ದು ಹೀಗೆ. ಒಬ್ಬಳು ಕೊಡತಿಯವಳು, ಒಬ್ಬ ಬಿಲ್ಲಿನವನು, ಒಬ್ಬ ಹಲಗೆಯವನು. ಗುರು ಇಲ್ಲ, ಗೆಜ್ಜೆ ಪೂಜೆ ಇಲ್ಲ.

ಬೀಗರ ಊರಿನವರು ಕರೆದರು, ಹೋದರು. ಹೋದ ಊರಲ್ಲಿ ಗಾಳೆವ್ವ ಮೊದಲು ಬಾವಿಗೆ ಹೋಗುತ್ತಿದ್ದಳಂತೆ. ನೀರಿಗೆ ಬಂದ ಹೆಂಗಸರ ಹತ್ತಿರ, ಈ ಊರಲ್ಲಿ ನೀವು ಏನೇನು ಮಾಡಿದ್ದೀರಿ ಅಂತ ವಿಚಾರಿಸುತ್ತಿದ್ದಳಂತೆ. ಅವರು ಬಾವಿ ತೋಡಿದ್ದು ಹೇಳಿದರೆ ಹಾಡಿಗೆ ಬಾವಿ ಬರುತ್ತಿತ್ತು. ಕಂಬಳಿ ನೇಯ್ದದ್ದು ಹೇಳಿದರೆ ಕಂಬಳಿ ಬರುತ್ತಿತ್ತು. "ಯಾರು ತೋಡಿದ ಬಾವಿ ಇದು?" ಅಂತ ಅವಳು ಕೇಳಿದರೆ ಊರಿಗೆ ಊರೇ ಎದೆ ಉಬ್ಬಿಸಿ "ನಾವು ತೋಡಿದ ಬಾವಿ ಇದು" ಅನ್ನಬೇಕು. ದೊಡ್ಡವರ ಹೆಸರು ಹಾಡುವ ಹಾಡು ಬೇಕಾದಷ್ಟಿದ್ದವು. ತಮ್ಮ ಹೆಸರಿನ ಹಾಡು ಜನ ಕೇಳಿದ್ದು ಅದೇ ಮೊದಲು.

ಹಾಡು ಹೊತ್ತು ತಿರುಗಿದವನು ಬಳೆಗಾರ ಅಂದಾನಯ್ಯ. ಬಳೆ ಮಲಾರ ಹೆಗಲಿಗೆ ಹಾಕಿಕೊಂಡು ಊರೂರು ತಿರುಗುವ ಮನುಷ್ಯ. ಬಳೆ ಏರಿಸುವಾಗ ಹೆಂಗಸರಿಗೆ ಕೈ ನೋಯಬಾರದು ಅಂತ ಗಾಳೆವ್ವನ ಹಾಡು ಹಾಡುತ್ತಿದ್ದ. ಅವನ ಗಂಟಲು ಒಡೆದ ಮಡಕೆಯ ಹಾಗಿತ್ತಂತೆ, ಆದರೂ ಹಾಡು ಅಂಟಿಕೊಳ್ಳುತ್ತಿತ್ತು. ಅವನಿಂದ ಹೆಂಗಸರಿಗೆ, ಹೆಂಗಸರಿಂದ ಮಕ್ಕಳಿಗೆ, ಮಕ್ಕಳಿಂದ ಗಾಡಿ ಹೊಡೆಯುವವರಿಗೆ. ಕಡೆಕಡೆಗೆ ಮೇಳ ಊರು ಮುಟ್ಟುವ ಮೊದಲೇ ಹಾಡು ಆ ಊರು ಮುಟ್ಟಿರುತ್ತಿತ್ತು. ಮೇಳದವರು ಊರ ಅಗಸೆ ಬಾಗಿಲಿಗೆ ಕಾಲಿಟ್ಟರೆ ಒಳಗೆ ಜನ ಆಗಲೇ ಹಾಡುತ್ತಾ ಕೂತಿರುತ್ತಿದ್ದರಂತೆ.

ಹಾಗಾಗಿ ಎಲ್ಲ ಬೇಗ ಬೇಗ ಆಗಿಹೋಯಿತು. ಸಜ್ಜೆ ಬಿತ್ತುವಾಗ ಅವರು ಒಂದು ಜಗಲಿಯ ಮೇಳ. ಸಜ್ಜೆ ತೆನೆ ಬಿಡುವಾಗ ಅಂಗಳ ಸಾಲಲಿಲ್ಲ. ಕೊಯ್ಲಿನ ಹೊತ್ತಿಗೆ ಕಣ ಸಾಲಲಿಲ್ಲ. ಲಾಲಸಾಬನ ಹೆಂಡತಿ, ಗಾದಿ ತುಂಬಿಸಲು ಬಂದವರೂ ಗಾದಿ ಕೇಳುವುದಿಲ್ಲ, ಹಾಡು ಕೇಳುತ್ತಾರೆ ಅಂತ ಗೊಣಗುತ್ತಿದ್ದಳಂತೆ. ಗೊಣಗುತ್ತಲೇ ಮುಂದೆ ಬಂದು ಕೂರುತ್ತಿದ್ದಳಂತೆ.

ಹಿರೇಪೇಟೆಯ ದೇಸಾಯರ ವಾಡೆಯಲ್ಲಿ ಪರ್ವತಯ್ಯ ಅಂತ ಒಬ್ಬ ಹಿರಿಯ ಹಾಡುಗಾರನಿದ್ದ. ಚಿಕ್ಕಂದಿನಿಂದ ಸಾಧನೆ ಮಾಡಿದವನು, ತಲೆ ನರೆತವನು. ಅವನಿಗೆ ಈ ಸುದ್ದಿ ಹೋಯಿತು. ಅವನು ನಕ್ಕು, ಇದು ಸುಗ್ಗಿಯ ಜ್ವರ, ಏರಿದಷ್ಟೇ ಬೇಗ ಇಳಿಯುತ್ತದೆ ಅಂದನಂತೆ. ಆ ಮಾತೂ ಅಂದಾನಯ್ಯನ ಮಲಾರದ ಜೊತೆ ಊರೂರು ತಿರುಗಿ ಗಾಳೆವ್ವನ ಕಿವಿಗೆ ಬಿತ್ತು. ಹಲಗೆ ಮರಿಯಪ್ಪ, ಹಿರೇಪೇಟೆಯಲ್ಲೇ ಹಾಡಿ ತೋರಿಸೋಣ ಅಂತ ಹಟ ಹಿಡಿದ.

ಹೋದರು. ಸಂತೆಯ ಮಾಳದಲ್ಲಿ ಹಾಡು ಅಂತ ನಿಗದಿಯಾಯಿತು. ಅವತ್ತು ಬಂದ ಜನಕ್ಕೆ ಲೆಕ್ಕವೇ ಇಲ್ಲ ಅನ್ನುತ್ತಾರೆ. ಮಾಳ ಚಪ್ಪಟೆ ನೆಲ. ಮುಂದಿನವರಿಗೆ ಹಾಡು ಕೇಳಿತು, ನಡುವಿನವರಿಗೆ ಹಲಗೆ ಕೇಳಿತು, ಹಿಂದಿನವರಿಗೆ ಏನೂ ಕೇಳಲಿಲ್ಲ. ಕೇಳದವರು ಮುಂದೆ ನೂಕಿದರು, ಅವರನ್ನು ಅವರ ಹಿಂದಿನವರು ನೂಕಿದರು. ಯಾರದೂ ಕೆಟ್ಟ ಮನಸ್ಸಲ್ಲ, ಎಲ್ಲರಿಗೂ ಹಾಡು ಬೇಕಿತ್ತು ಅಷ್ಟೆ. ಬಳೆಗಾರ ಅಂದಾನಯ್ಯ ಆ ನೂಕಾಟದಲ್ಲಿ ಸಿಕ್ಕಿಬಿದ್ದ. ಮಲಾರದ ಬಳೆ ಒಂದೂ ಉಳಿಯಲಿಲ್ಲ. ಅವನ ಬಲಗೈ ಮುರಿಯಿತು.

ಗಾಳೆವ್ವ ಹಾಡು ನಿಲ್ಲಿಸಿ ಜನರ ನಡುವೆ ಬಂದಳು. ಜನ ದಾರಿ ಬಿಟ್ಟರು. ಅಂದಾನಯ್ಯ ಒಡೆದ ಬಳೆಗಳ ನಡುವೆ ಕೂತಿದ್ದ. ಅವನು ನೋವಲ್ಲೂ ನಗಲು ನೋಡಿ ಹೇಳಿದನಂತೆ, "ನಿನ್ನ ಹಾಡು ಊರೂರಿಗೆ ಹೊತ್ತು ತಿರುಗೀನಿ ಗಾಳೆವ್ವ. ಇವತ್ತು ಒಂದು ಅಕ್ಷರ ಕೇಳಲಿಲ್ಲ ನೋಡು."

ಆ ಮಾತು ಅವಳಿಗೆ ನಾಟಿತು. ಅವನ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಎಲ್ಲರಿಗಿಂತ ಹಿಂದೆ ಕೂತವನಿಗೂ ಕೇಳಿಸುವ ಹಾಗಾಗುವ ತನಕ ನಾನು ಇನ್ನು ಹಾಡುವುದಿಲ್ಲ ಅಂತ ಆಣೆ ಮಾಡಿದಳಂತೆ.

ಮರಿಯಪ್ಪ ಬೇಡಿಕೊಂಡ. ಜನ ಈಗ ಕರೆಯುತ್ತಿದ್ದಾರೆ, ಒಂದು ಸುಗ್ಗಿ ಸುಮ್ಮನಿದ್ದರೆ ಮರೆಯುತ್ತಾರೆ ಅಂದ. ಜನ ಕರೆಯುತ್ತಿದ್ದದ್ದು ಸುಳ್ಳಲ್ಲ. ಊರೂರಿನಿಂದ ಕರೆಯಲು ಬಂದವರು ಬರಿಗೈಯಲ್ಲಿ ಹಿಂತಿರುಗಿದರು. ಲಾಲಸಾಬ ಬಿಲ್ಲು ಹಿಡಿದು ಮತ್ತೆ ಗಾದಿ ಕೆಲಸಕ್ಕೆ ಹೋದ. ಹಾಡಿಲ್ಲದೆ ಮಾಳಿಗೆ ಬಡಿಯಲಾಗದ ಗಾಳೆವ್ವ ಕಲ್ಲಿನ ಕೆಲಸಕ್ಕೆ ಹೋದಳು. ಅವಳಿಗೆ ಬೇಸರ ಇರಲಿಲ್ಲ ಅಂದುಕೊಳ್ಳಬೇಡಿ. ರೊಟ್ಟಿ ಬಡಿಯುವಾಗ ಕೈ ತಾಳ ಹಾಕಿದರೆ ಕೈಯನ್ನೇ ಗದರಿಸಿಕೊಳ್ಳುತ್ತಿದ್ದಳಂತೆ.

ಇತ್ತ ಪರ್ವತಯ್ಯನಿಗೆ ನೆಮ್ಮದಿ ಇಲ್ಲ. ಜ್ವರ ಇಳಿಯಿತಲ್ಲ ಅಂತ ಅವನು ಹಿಗ್ಗಬೇಕಿತ್ತು. ಆದರೆ ವಾಡೆಯಲ್ಲಿ ಕಸ ಗುಡಿಸುವವಳು ಆ ಹಾಡು ಹಾಡುತ್ತಿದ್ದಳು, ಕುದುರೆ ತಿಕ್ಕುವವನು ಹಾಡುತ್ತಿದ್ದ. ಒಂದು ಬೆಳಿಗ್ಗೆ ಮೀಯುವಾಗ ತಾನೇ ಅದನ್ನು ಹಾಡುತ್ತಿರುವುದು ಅವನಿಗೆ ಗೊತ್ತಾಯಿತು. ಎದ್ದವನೇ ಬಿಳೇಕಲ್ಲಿಗೆ ಹೊರಟ.

ಗಾಳೆವ್ವ ಗುಡ್ಡದಲ್ಲಿದ್ದಾಳೆ ಅಂತ ಊರವರು ಕೈ ತೋರಿದರು. ಅವನು ಗುಡ್ಡ ಹತ್ತಿದ. ಅಲ್ಲಿ ಹಳೆಯ ಕಲ್ಲುಗಣಿ. ತಲೆತಲಾಂತರದಿಂದ ಜನ ಕಲ್ಲು ಕಡಿದು ಕಡಿದು, ಗುಡ್ಡದ ಹೊಟ್ಟೆ ದೊಡ್ಡ ಬೋಗುಣಿಯ ಹಾಗೆ ಆಗಿತ್ತು. ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಬಿಳಿ ಕಲ್ಲು. ಅವತ್ತು ಕಲ್ಲು ಕಡಿಯುವವರು ಸಂತೆಗೆ ಹೋಗಿದ್ದರು. ತಳದಲ್ಲಿ ಗಾಳೆವ್ವ ಮತ್ತು ಒಬ್ಬ ಗೆಳತಿ ಕಲ್ಲು ಆರಿಸುತ್ತಿದ್ದರು, ಇರುವೆಗಳಷ್ಟು ಸಣ್ಣಗೆ ಕಾಣುತ್ತಿದ್ದರು. ಮೇಲೆ ಅಂಚಿನಲ್ಲಿ ನಿಂತ ಪರ್ವತಯ್ಯನನ್ನು ಗೆಳತಿ ಕಂಡಳು. ಯಾರೋ ಪೇಟದವರು ಬಂದಿದ್ದಾರೆ ಅಂದಳು.

ಗಾಳೆವ್ವ ತಲೆ ಎತ್ತಿ ನೋಡಿ, ಹಿರೇಪೇಟೆಯಲ್ಲಿ ಕಂಡ ಪೇಟದ ಗುರುತು ಹಿಡಿದು, ಗೆಳತಿಗಷ್ಟೇ ಕೇಳುವ ಹಾಗೆ ಅಂದಳು, "ವಾಡೇದ ಅಜ್ಜ. ನಮ್ಮನ್ನ ನೋಡಿ ನಗಾಕ ಬಂದಾನ."

ಮೇಲಿನಿಂದ ಪರ್ವತಯ್ಯ ಅಂದ, "ನಗಾಕ ಬಂದಿಲ್ಲವ್ವ. ಹಾಡು ಕಲಿಯಾಕ ಬಂದೀನಿ."

ಗಾಳೆವ್ವನ ಕೈಯಿಂದ ಕಲ್ಲು ಜಾರಿತು. ಆಡಿಕೊಂಡದ್ದು ಕೇಳಿಸಿತಲ್ಲ ಅಂತ ನಾಚಿಕೆ ಒಂದು ಕಡೆ. ಅಷ್ಟು ದೂರಕ್ಕೆ ಕೇಳಿಸಿತಲ್ಲ ಅಂತ ಬೆರಗು ಇನ್ನೊಂದು ಕಡೆ. ಅವಳು ಇನ್ನೂ ಸಣ್ಣ ದನಿಯಲ್ಲಿ, ಇದು ಕೇಳಸ್ತೈತೇನ್ರಿ ಅಂದಳು. ಕೇಳಿಸಿತು ಅಂದ. ಪಿಸುಗುಟ್ಟಿದಳು. ಅದೂ ಕೇಳಿಸಿತು. ಪರ್ವತಯ್ಯ ಅಂಚಿನ ಉದ್ದಕ್ಕೂ ನಡೆಯುತ್ತಾ ಹೋದ, ಅವಳು ಕೇಳುತ್ತಾ ಹೋದಳು, ಅವನು ಹೂಂ ಅನ್ನುತ್ತಾ ಹೋದ. ಗಣಿ ಸುತ್ತಿ ಬರುವ ಹೊತ್ತಿಗೆ ಇಬ್ಬರೂ ನಗುತ್ತಿದ್ದರಂತೆ. ಹುಟ್ಟಿದಾಗಿನಿಂದ ಅವಳು ಕಂಡ ಜಾಗ ಅದು. ಅಲ್ಲಿ ಯಾವಾಗಲೂ ಸುತ್ತಿಗೆ ಸದ್ದು. ಸುತ್ತಿಗೆ ನಿಂತ ಗಣಿಯಲ್ಲಿ ಮಾತಾಡಿ ನೋಡಿದವರು ಯಾರೂ ಇರಲಿಲ್ಲ.

ಪರ್ವತಯ್ಯ ಕೆಳಗಿಳಿದು ಬಂದು ಕಲ್ಲಿನ ಮೇಲೆ ಕೂತ. ಜ್ವರ ಅಂತ ನಾನು ಅಂದಿದ್ದೆ, ಈಗ ನನಗೂ ಬಂದಿದೆ ಅಂದನಂತೆ. ಕೂಗಿ ಹಾಡಬೇಡ, ಜಾಗಕ್ಕೆ ಬಿಟ್ಟು ಹಾಡು, ಮಾತು ಮುಗಿದ ಮೇಲೆ ಕಲ್ಲು ಅದನ್ನು ಮೇಲೆ ಒಯ್ಯುವ ತನಕ ತಡಿ ಅಂತ ಹೇಳಿಕೊಟ್ಟ. ಅವಳು ಅವನಿಗೆ ಕೊಡತಿ ಹಿಡಿಯುವುದು ಹೇಳಿಕೊಟ್ಟಳು. ಬೆರಳು ಜಜ್ಜಿಕೊಂಡನಂತೆ, ಆದರೂ ಬಿಡಲಿಲ್ಲವಂತೆ.

ಗಾಳೆವ್ವ ಗಣಿಯಲ್ಲಿ ಹಾಡುತ್ತಾಳೆ ಅಂತ ಮತ್ತೆ ಸುದ್ದಿ ಹೋಯಿತು. ಮರೆತಾರು ಅಂತ ಮರಿಯಪ್ಪ ಹೆದರಿದ್ದ ಜನ ಯಾರೂ ಮರೆತಿರಲಿಲ್ಲ. ಬುತ್ತಿ ಕಟ್ಟಿಕೊಂಡು, ಗಾಡಿ ಹೂಡಿಕೊಂಡು, ಮುದುಕರನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದರು. ಹಿರೇಪೇಟೆಯ ದೇಸಾಯರೂ ಬಂದರಂತೆ, ಎಲ್ಲಿ ಕೂತರೂ ಒಂದೇ ಅಂತ ತಿಳಿದು ಬುಟ್ಟಿ ಹೆಣೆಯುವವರ ಪಕ್ಕ ಕೂತರಂತೆ. ಹೊತ್ತು ಇಳಿಯುವಾಗ ಗಣಿಯ ಮೆಟ್ಟಿಲು ಒಂದೂ ಕಾಣಲಿಲ್ಲ, ಬರೀ ಜನ. ಕೆಳಗೆ ಲಾಲಸಾಬ ಬಿಲ್ಲು ಹಿಡಿದು ನಿಂತ, ಮರಿಯಪ್ಪ ಹಲಗೆ ಕಾಯಿಸಿಕೊಂಡು ನಿಂತ. ಪರ್ವತಯ್ಯ ಗಾಳೆವ್ವನ ಗೆಳತಿಯರ ಸಾಲಿನಲ್ಲಿ ಕೊಡತಿ ಹಿಡಿದು ಕೂತ.

ಎಲ್ಲರಿಗಿಂತ ಮೇಲೆ, ಕಡೆಯ ಮೆಟ್ಟಿಲ ಮೇಲೆ, ಬಳೆಗಾರ ಅಂದಾನಯ್ಯ ಕೂತಿದ್ದ. ಬಲಗೈಗೆ ಬಿದಿರು ದಬ್ಬೆ ಕಟ್ಟಿತ್ತು. ಗಾಳೆವ್ವ ಹಾಡು ಶುರು ಮಾಡಲಿಲ್ಲ. ತಲೆ ಎತ್ತಿ, ಮನೆಯಲ್ಲಿ ಮಾತಾಡುವ ದನಿಯಲ್ಲಿ ಕೇಳಿದಳು.

"ಅಂದಾನಯ್ಯ, ಕೇಳಸ್ತೈತೇನು?"

ಅಷ್ಟು ಜನ ಉಸಿರು ಹಿಡಿದರು. ಅಂದಾನಯ್ಯ ಎಡಗೈ ಎತ್ತಿದ.

ಡಂಯ್ ಅಂತ ಬಿಲ್ಲು ಮಿಡಿಯಿತು. ಹಲಗೆ ಕೂಡಿತು. ಗಾಳೆವ್ವ ಕೇಳಿದಳು, "ಯಾರು ಕಡಿದ ಗುಡ್ಡ ಇದು?" ಆ ಉತ್ತರ ಹೇಗೆ ಬಂತು ಅಂದರೆ, ಭಟ್ಟಿಯ ಹೊಗೆ ಅಲುಗಿತಂತೆ. ಮೂರು ಹರದಾರಿ ಆಚೆ ಕುರಿ ಮೇಯಿಸುವವನು ಗುಡ್ಡ ಹಾಡುತ್ತಿದೆ ಅಂತ ಕಂಬಳಿ ಬಿಟ್ಟು ಓಡಿ ಬಂದನಂತೆ. ಅವನೂ ಬಂದು ಕೂತನಂತೆ, ಅವನ ಕುರಿಗಳೂ ಬಂದವಂತೆ. ಒಬ್ಬರನ್ನೊಬ್ಬರು ನೂಕಲಿಲ್ಲ. ನೂಕುವ ಅಗತ್ಯವೇ ಇರಲಿಲ್ಲ.

ಆಮೇಲೆ ಗಾಳೆವ್ವನ ಮೇಳ ಬಹಳ ಕಾಲ ಹಾಡಿತು. ಅವಳು ಮುದುಕಿಯಾಗಿ ಕೊಡತಿ ಎತ್ತಲಾರದಾದಾಗ ಜನರೇ ಕೈ ತಟ್ಟಿ ತಾಳ ಕೊಟ್ಟರಂತೆ. ಅವಳ ಸಮಾಧಿ ಎಲ್ಲಿದೆ ಅಂತ ಒಬ್ಬೊಬ್ಬರು ಒಂದೊಂದು ಕಡೆ ತೋರಿಸುತ್ತಾರೆ. ನಾವು ಹುಡುಕಲು ಹೋಗುವುದಿಲ್ಲ.

ಆದರೆ ಒಂದು ಪದ್ಧತಿ ಉಳಿದಿದೆ. ಈ ಸೀಮೆಯಲ್ಲಿ ಯಾವ ಹೊಸ ಮೇಳ ಹೆಸರು ಮಾಡಿದರೂ ದೊಡ್ಡ ಮೈದಾನಕ್ಕೆ ಹೋಗುವ ಮೊದಲು ನಮ್ಮ ಗಣಿಗೆ ಬಂದು ಒಂದು ಹಾಡು ಹಾಡುತ್ತದೆ. ಮೈಕು ಇಡುವ ಹಾಗಿಲ್ಲ. ಊರಿನ ಒಂದು ಹಿರಿ ಜೀವ ಕಡೆಯ ಮೆಟ್ಟಿಲ ಮೇಲೆ ಕೂರಬೇಕು, ಮೇಳದವರು ಕೆಳಗಿನಿಂದ ಕೇಳಬೇಕು, ಮೇಲಿನವರು ಕೈ ಎತ್ತಬೇಕು. ಆಮೇಲೇ ಹಾಡು.

ಮೊನ್ನೆ ಒಂದು ತಂಡ ಬಂದಿತ್ತು. ಹೋದ ದೀಪಾವಳಿಗೆ ಯಾರಿಗೂ ಗೊತ್ತಿಲ್ಲದ ಹುಡುಗ ಹುಡುಗಿಯರು, ಈಗ ಯಾರ ಫೋನಿನಲ್ಲಿ ನೋಡಿದರೂ ಅವರದೇ ಹಾಡಂತೆ. ಸ್ಪೀಕರು, ವೈರು ಎಲ್ಲ ಲಾರಿಯಲ್ಲೇ ಬಿಟ್ಟು ಇಳಿದು ಬಂದರು. ಈ ವರ್ಷ ಮೇಲೆ ಕೂರುವ ಪಾಳಿ ನನ್ನದು. ನಮ್ಮ ಸೊಸೆ ಅಡುಗೆಮನೆಯಿಂದ ಕೂಗಿದರೂ ಕೇಳದ ಕಿವಿ ನನ್ನದು, ನಿಮಗೆಲ್ಲ ಗೊತ್ತು. ಕೆಳಗೆ ಗಿಟಾರು ಹಿಡಿದ ಒಂದು ಹುಡುಗಿ ತಲೆ ಎತ್ತಿ ನೋಡಿದಳು. ಅಂಜಿದ್ದಳು ಪಾಪ, ದನಿ ಪಿಸುಮಾತಿನಷ್ಟೇ ಇತ್ತು.

"ಕೇಳಸ್ತೈತೇನ್ರಿ ಅಜ್ಜಿ?" ಅಂದಳು.

ನಾನು ಎರಡೂ ಕೈ ಎತ್ತಿದೆ.