ನೆಟ್ಟಗೆ ನಿಂತ ಆಂಟೆನಾ

ದೂರದ ಟವರಿನಿಂದ ಟಿವಿಗೆ ಚಿತ್ರ ಹಿಡಿಯಲೆಂದು, ಅಂಗಡಿಯಲ್ಲಿದ್ದ ಆಂಟೆನಾಗಳಲ್ಲೆಲ್ಲ ಉದ್ದನೆಯದನ್ನೇ ಆರಿಸಿ ತಂದು ಗುಲಾಬಿ ಟೀಚರು ತಾರಸಿಯ ಮೇಲೆ ನಿಲ್ಲಿಸಿದರು. ಸಂಜೆಯೊಳಗೆ ಚಿತ್ರ ಬರದಿದ್ದರೆ ಅಂಗಡಿಗೆ ವಾಪಸು ಎಂದು ಹೇಳಿಯೇ ತಂದಿದ್ದರು. ಆಂಟೆನಾ ಅಳುಕಲಿಲ್ಲ. ನನಗೆ ಹದಿನೆಂಟು ಕಡ್ಡಿಗಳಿವೆ, ಕಂಪನಿಯ ಪುಸ್ತಕದಲ್ಲಿ ಬರೆದಂತೆಯೇ ನೆಟ್ಟಗೆ ನಿಂತಿದ್ದೇನೆ, ಮೂತಿಯೆದುರು ಪಕ್ಕದ ಮನೆಯ ನೀರಿನ ಟ್ಯಾಂಕು ಬಂದರೆ ಅದು ಟ್ಯಾಂಕಿನ ತಪ್ಪು ಎಂದುಕೊಂಡಿತು.

ಅಷ್ಟರಲ್ಲಿ ಕಾಗೆಯೊಂದು ಅದರ ಬಾಲದ ಮೇಲೆ ಬಂದು ಕೂತಿತು. ಬಾಲ ತಗ್ಗಿತು, ಮೂತಿ ಟ್ಯಾಂಕಿಗಿಂತ ಮೇಲೆದ್ದಿತು. ಕೆಳಗಿನಿಂದ ಟೀಚರು, "ಬಂತು, ಬಂತು," ಎಂದು ಕೂಗಿದರು.

"ಏಳು ಮೇಲೆ," ಎಂದಿತು ಆಂಟೆನಾ. "ನಿನ್ನಿಂದ ನನ್ನ ಮಟ್ಟ ತಪ್ಪಿತು."

"ಚಿತ್ರ ಬಂತಂತಲ್ಲ ಸ್ವಾಮಿ," ಎಂದಿತು ಕಾಗೆ.

"ಬಂದದ್ದು ನನ್ನ ಕಡ್ಡಿಗಳಿಂದ. ಬಾಲದ ಮೇಲೆ ಕಾಗೆ ಕೂರಬೇಕೆಂದು ಪುಸ್ತಕದಲ್ಲಿ ಎಲ್ಲಿದೆ, ತೋರಿಸು."

ಕಾಗೆಗೆ ಓದು ಬರುತ್ತಿರಲಿಲ್ಲ. ಅದು ಹಾರಿಹೋಗಿ ಟ್ಯಾಂಕಿನ ಮೇಲೆ ಕೂತಿತು. ಆಂಟೆನಾದ ಮೂತಿ ಮತ್ತೆ ಕೆಳಗಿಳಿಯಿತು. "ಹೋಯ್ತು," ಎಂದರು ಟೀಚರು. ಅವರು ಅಂಗಡಿಗೆ ಫೋನ್ ಮಾಡುವುದೂ ಕೇಳಿಸಿತು.

ಆಂಟೆನಾ ಹದಿನೆಂಟೂ ಕಡ್ಡಿಗಳಿಂದ ಯೋಚಿಸಿತು. ತಾನು ನೆಟ್ಟಗೆ ನಿಂತದ್ದು ನಿಜ. ನೆಟ್ಟಗೆ ನಿಂತು ಬೆಳಗಿನಿಂದ ಟ್ಯಾಂಕನ್ನೇ ನೋಡುತ್ತಿದ್ದದ್ದೂ ನಿಜ. ಅದಕ್ಕೆ ತನ್ನ ಮೇಲೇ ನಗು ಬಂತು.

"ಕಾಗೆಯವರೇ," ಎಂದಿತು ಮೆಲ್ಲಗೆ, "ಸಂಜೆಯ ತನಕ ತಮಗೆ ಬೇರೇನೂ ಕೆಲಸ ಇಲ್ಲ ತಾನೆ?"