ಗಾಳೆಪ್ಪ ದಾರದ ಹುರಿ ಬಿಡಿಸಿದ್ದು

ಹೂಂಗುಟ್ಟೋರು ಹತ್ತಿರ ಬರ್ರಿ, ಆಕಳಿಸೋರು ಗೋಡೆಗೆ ಒರಗ್ರಿ. ತುಂಗಭದ್ರೆಯ ದಂಡೆ ಮೇಲೆ ಅಂಬಿಗರ ಓಣಿ. ಆ ಓಣಿಯಲ್ಲಿ ಅಂಬಮ್ಮ ಅಂತ ಒಬ್ಬಾಕೆ. ಗಂಡ ಕಣ್ಣು ಮುಚ್ಚಿದಾಗ ಆಕೆಗೆ ಉಳಿದದ್ದು ಒಂದು ಹರಿಗೋಲು, ಒಂದು ಎಮ್ಮೆ, ಒಬ್ಬ ಮಗ. ಹರಿಗೋಲು ಹುಟ್ಟು ಹಾಕಿದ ಕಡೆ ಹೋಗ್ತಿತ್ತು. ಎಮ್ಮೆ ಕರೆದ ಕಡೆ ಬರ್ತಿತ್ತು. ಮಗ ಗಾಳೆಪ್ಪ ಮಾತ್ರ ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಿದ್ದ. ಆ ತಾಯಿಗೆ ಅದೇ ಸಂಕಟ.

ಹೊಳೆಯ ಆಚೆ ದಂಡೆಗೆ ಅಂಬಮ್ಮನ ತಮ್ಮ ಯಂಕೋಬ. ಅವನ ಮಗಳು ಹಂಪವ್ವ. ಹಂಪವ್ವನಿಗೆ ಗಾಳೆಪ್ಪ ಅಂದ್ರೆ ಪ್ರಾಣ. "ಹೇಳಿದ್ದು ಕೇಳೋ ಗಂಡ ಎಲ್ಲಿ ಸಿಗ್ತಾನ?" ಅಂತ ಗೆಳತೇರ ಮುಂದೆ ಅಂತಿದ್ದಳಂತೆ. ಯಂಕೋಬ ಮಾತ್ರ ಒಂದು ಷರತ್ತು ಹಾಕಿದ್ದ.

"ಅಕ್ಕಾ, ಮಗಳನ್ನ ಕೊಡ್ತೀನಿ. ಆದ್ರ ನಿನ್ನ ಮಗ ತನ್ನ ಗಾಳದಾಗ ಹಿಡಿದ ಮೀನು ನನ್ನ ಮನಿ ಒಲಿ ಮ್ಯಾಲೆ ಕುದಿಬೇಕು. ದಸರಾ ಹಬ್ಬದೊಳಗ. ಇಲ್ಲಾಂದ್ರ ಬ್ಯಾರೆ ಗಂಡು ನೋಡ್ತೀನಿ."

ಅಂಬಮ್ಮ ಗಂಡನ ಗಾಳ ಹೊರಗೆ ತೆಗೆದಳು. ಉದ್ದನೆ ದಾರ, ತುದಿಗೆ ಸೀಸದಲ್ಲಿ ಎರೆದ ಪುಟ್ಟ ಮೀನು, ಅದರ ಬಾಲಕ್ಕೆ ಕೊಕ್ಕೆ. ಅದನ್ನ ಮಡುವಿನ ತಳಕ್ಕೆ ಇಳಿಸಬೇಕು, ಮೇಲಕ್ಕೆ ಜಗ್ಗಬೇಕು, ಮತ್ತೆ ಇಳಿಸಬೇಕು. ಸೀಸದ ಮೀನು ಕುಣಿಯುತ್ತೆ, ದೊಡ್ಡ ಮೀನು ಬಂದು ಕಚ್ಚುತ್ತೆ. ಗಾಳೆಪ್ಪ ಹೋದ, ಇಳಿಸಿದ, ಜಗ್ಗಿದ. ಸೀಸದ ಮೀನು ಕುಣಿಯಿತು, ಕುಣಿಯುತ್ತಾ ಗಿರಗಿರ ತಿರುಗಿತು. ಅದು ತಿರುಗಿದ ಹಾಗೆಲ್ಲ ದಾರಕ್ಕೆ ಹುರಿ ಏರಿತು. ಸಂಜೆ ಮನೆಗೆ ಬಂದದ್ದು ಗುಬ್ಬಿಗೂಡಿನಂಥ ಒಂದು ಸಿಕ್ಕು.

"ಅಯ್ಯೋ ಪೆದ್ದಪ್ಪ," ಅಂದಳು ಅಂಬಮ್ಮ, "ಹುರಿ ಏರಿದ್ರ ಸೀಸದ ಮೀನು ಬಿಚ್ಚಿ, ಬರೇ ದಾರಾನ ಹರಿಯೋ ನೀರಿಗೆ ಬಿಡಬೇಕು. ಹೊಳಿ ಎಳಕೊಂತ ಹುರಿ ತಾನೇ ಬಿಡಿಸ್ತೈತಿ."

"ಹೂಂ ಯವ್ವಾ, ಬಿಡ್ತೀನಿ," ಅಂದ ಗಾಳೆಪ್ಪ. ಮರುದಿನ ದಾರಕ್ಕೆ ಮತ್ತೆ ಹುರಿ ಏರಿತು. ಸೀಸದ ಮೀನು ಬಿಚ್ಚಿದ. ದಾರಾನ ನೀರಿಗೆ ಬಿಟ್ಟ. ಬಿಟ್ಟೇಬಿಟ್ಟ. ದಾರ ಹೋಯ್ತು.

"ಎಲ್ಲಿ ದಾರ?"

"ಬಿಡು ಅಂದ್ಯಲ್ಲ ಯವ್ವಾ. ಬಿಟ್ಟೆ. ಈಗ ಹುರಿ ಬಿಚ್ಚಿರಬೇಕು."

ಅಂಬಮ್ಮ ಹಣೆ ಹಣೆ ಬಡ್ಕೊಂಡಳು. "ಏನಾರ ನೀರಿಗೆ ಬಿಟ್ರ ಈ ತುದಿ ಕೈಗೆ ಕಟ್ಟಿಕೋಬೇಕೋ!"

"ಹೂಂ ಯವ್ವಾ, ಕಟ್ಟಿಕೋತೀನಿ."

ಮಾರನೇ ದಿನ ಅಂಬಮ್ಮ ಹೊಸ ದಾರ ತರಲು ಸಂತೆಗೆ ಹೊರಟಳು. ಹೋಗ್ತಾ "ಎಮ್ಮೀನ ನೀರಿಗೆ ಬಿಡಪ್ಪ, ಬಿಸಿಲು ಜೋರೈತಿ," ಅಂದಳು. ಗಾಳೆಪ್ಪ ಎಮ್ಮೆಯ ಹಗ್ಗದ ತುದಿ ಕೈಗೆ ಬಿಗಿಯಾಗಿ ಕಟ್ಟಿಕೊಂಡು ಅದನ್ನ ನೀರಿಗೆ ಬಿಟ್ಟ. ಎಮ್ಮೆಗೆ ತಂಪು ಹತ್ತಿತು. ಅದು ಒಳಗೆ ಹೋಯ್ತು, ಇವನೂ ಹೋದ. ಅದು ಈಜಿತು, ಇವನೂ ಈಜಿದ. ಅದು ರಾಡಿಯಲ್ಲಿ ಹೊರಳಿತು, ಇವನೂ ಹೊರಳಿದ. ಸಂತೆಯಿಂದ ಬಂದ ಅಂಬಮ್ಮನಿಗೆ ಬಾಗಿಲಲ್ಲಿ ಕಂಡದ್ದು ಎರಡು ರಾಡಿ ಮುದ್ದೆ. ಕೋಡು ನೋಡಿ ಎಮ್ಮೆ ಯಾವುದು ಅಂತ ಗುರುತು ಹಿಡಿದಳು.

"ಆ ಕಡೆಯಿಂದ ಜೋರು ಜಗ್ಗಿದ್ರ ಸಡಿಲು ಬಿಡಬೇಕಪ್ಪಾ ನನ್ನ ಮಗನ! ಅದು ದಣಿದ ಮ್ಯಾಲೆ ಮೆಲ್ಲಕ ಎಳಕೋಬೇಕು. ಎಮ್ಮಿಗೂ ಇದೇ ಮಾತು, ಮೀನಿಗೂ ಇದೇ ಮಾತು."

"ಹೂಂ ಯವ್ವಾ. ಜಗ್ಗಿದ್ರ ಬಿಡ್ತೀನಿ, ದಣಿದ್ರ ಎಳಕೋತೀನಿ."

ದಸರಾ ಹತ್ತಿರ ಬಂತು. ಹುಡುಗ ಎಷ್ಟರಮಟ್ಟಿಗೆ ಕಲಿತಿದ್ದಾನೆ ನೋಡೋಣ ಅಂತ ಯಂಕೋಬ ಹೊಳೆ ದಾಟಿ ಬಂದ. ಬಿಳಿ ಧೋತರ, ಕೆಂಪು ರುಮಾಲು. ಹರಿಗೋಲಿಗೆ ಹುಟ್ಟು ಹಾಕಿದವಳು ಹಂಪವ್ವ. ದಂಡೆ ಹತ್ತಿರವಾದಾಗ ಯಂಕೋಬ ಎದ್ದು ನಿಂತು, "ಅಳಿಯಾ, ಕೈ ಕೊಡಪ್ಪ," ಅಂದ. ಗಾಳೆಪ್ಪ ಕೊಟ್ಟ. ಹರಿಗೋಲು ವಾಲಿತು. ಮಾವ ಬೀಳ್ತೀನಿ ಅಂತ ಜೋರಾಗಿ ಜಗ್ಗಿದ. ಜಗ್ಗಿದ್ದೇ ತಡ, ಗಾಳೆಪ್ಪ ಕೈ ಸಡಿಲು ಬಿಟ್ಟ.

ದುಡುಂ ಅಂತ ಬಿದ್ದ ಮಾವ ಒಮ್ಮೆ ಮುಳುಗಿದ, ಎದ್ದ, ಬೈದ, ಮತ್ತೆ ಮುಳುಗಿದ. ಅಂಬಮ್ಮ ದಂಡೆ ಮೇಲೆ ಕೂಗ್ತಾ ಓಡಿ ಬಂದಳು. ಗಾಳೆಪ್ಪ ಸೊಂಟದ ಮೇಲೆ ಕೈ ಇಟ್ಕೊಂಡು ಸಮಾಧಾನವಾಗಿ ನೋಡ್ತಾ ನಿಂತಿದ್ದ. ಮಾವ ಬೈಯೋದು ನಿಂತಾಗ, "ಈಗ ದಣಿದ," ಅಂದು ಧೋತರ ಹಿಡಿದು ಮೆಲ್ಲಗೆ ದಂಡೆಗೆ ಎಳ್ಕೊಂಡ.

"ಮದುವಿ ಇಲ್ಲ, ಏನೂ ಇಲ್ಲ," ಅಂತ ಯಂಕೋಬ ನೀರು ಉಗುಳಿದ. ಹಂಪವ್ವ ನಗು ನುಂಗಿಕೊಂಡು ಮಾತಾಡಿದಳು. "ಅಪ್ಪಾ, ನಿನ್ನಂಥಾ ದೊಡ್ಡ ಮೀನು ಎಳದು ದಂಡಿಗೆ ಹಾಕ್ಯಾನ. ರಟ್ಟಿಯೊಳಗ ಶಕ್ತಿ ಐತಿ. ಅವನ ದಾರ ಹುರಿ ಏರದಂಗ ನೀನೇ ಹೇಳಿಕೊಡು. ಹಬ್ಬ ಇನ್ನೂ ಬಂದಿಲ್ಲ."

ಮಗಳ ಮಾತಿಗೆ ಯಂಕೋಬ ಮೆತ್ತಗಾದ. ಸೊಂಟದ ಚೀಲದಿಂದ ಹಿತ್ತಾಳೆಯ ಒಂದು ಪುಟ್ಟ ತಿರುಗಣಿ ತೆಗೆದ. ಅತ್ತ ಒಂದು ಬಳೆ, ಇತ್ತ ಒಂದು ಬಳೆ, ನಡುವೆ ಒಂದು ಗುಂಡು. ಅತ್ತಲದು ತಿರುಗಿದರೆ ಇತ್ತಲದು ತಿರುಗದು.

"ಇಲ್ಲಿ ಕೇಳು ಪೆದ್ದಾ. ಎರಡನ್ನ ಕಟ್ಟಿದಾಗ ಒಂದು ತಿರುಗಿದ್ರ ಹುರಿ ಏರ್ತೈತಿ. ಅದಕ್ಕ ನಡುವ ತಿರುಗೋದೊಂದು ಇರಬೇಕು. ದಾರ ಈ ಕಡೆ ಕಟ್ಟು, ಸೀಸದ ಮೀನು ಆ ಕಡೆ ಕಟ್ಟು. ತಿಳೀತಾ?"

"ಹೂಂ ಮಾವ. ನಡುವ ತಿರುಗೋದು."

ಮರುದಿನ ಬೆಳಗ್ಗೆ ಓಣಿಯೆಲ್ಲ ದಂಡೆಗೆ ಬಂತು. ಗಾಳೆಪ್ಪ ಹರಿಗೋಲಿನಲ್ಲಿ ಮಡುವಿಗೆ ಹೋಗಿ ಗಾಳ ಇಳಿಸಿದ, ಜಗ್ಗಿದ, ಇಳಿಸಿದ. ಸೀಸದ ಮೀನು ತಿರುಗಿತು, ತಿರುಗಣಿ ತಿರುಗಿತು, ದಾರ ನೆಟ್ಟಗೆ ನಿಂತಿತ್ತು. ಇದ್ದಕ್ಕಿದ್ದ ಹಾಗೆ ದಾರ ಸರ್ ಅಂತ ಓಡಿತು. ಹೊಳೆಯ ದೊಡ್ಡ ಮೀನು, ಬಾಳೆ ಮೀನು! ಹರಿಗೋಲು ಬುಗುರಿ ಹಾಗೆ ಸುತ್ತಿತು. ಅಂಬಮ್ಮ ಮೊಣಕಾಲುದ್ದ ನೀರಿಗಿಳಿದು, "ಜಗ್ಗಿದ್ರ ಬಿಡೋ ನನ್ನಪ್ಪ, ದಣಿದ್ರ ಎಳಿಯೋ," ಅಂತ ಗಂಟಲು ಹರಕೊಂಡಳು. ಅದು ಜಗ್ಗಿತು, ಇವನು ಬಿಟ್ಟ. ಮತ್ತೆ ಜಗ್ಗಿತು, ಮತ್ತೆ ಬಿಟ್ಟ. ಕೊನೆಗೆ ಅದು ದಣಿಯಿತು, ಇವನು ಎಳೆದ. ಆಳೆತ್ತರದ ಮೀನು ಹರಿಗೋಲಿಗೆ ಬಂದು ಬಿತ್ತು. ದಾರದ ಮೇಲೆ ಒಂದು ಗಂಟೂ ಇರಲಿಲ್ಲ. ಅಂಬಮ್ಮ ಸೆರಗಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು.

ಮೀನು ಯಂಕೋಬನ ಒಲೆ ಮೇಲೆ ಕುದಿಯಿತು. ಲಗ್ನ ಗೊತ್ತಾಯ್ತು. ಮೊದಲ ಸಲ ಅಂಬಮ್ಮ ಮಗನನ್ನ ಬೈಯಲಿಲ್ಲ. ತಲೆ ಸವರಿ, "ಮಾವ ಹೇಳಿದ ಮಾತು ಎಂದೂ ಮರಿಬ್ಯಾಡಪ್ಪ," ಅಂದಳು.

"ಹೂಂ ಯವ್ವಾ, ಮರೆಯಂಗಿಲ್ಲ."

ಮದುವೆ ದಿನ ಅಕ್ಷತೆ ಬಿತ್ತು. ಹಿರಿಯರು ಗಾಳೆಪ್ಪನ ಶಲ್ಯದ ತುದಿಗೂ ಹಂಪವ್ವನ ಸೆರಗಿಗೂ ಗಂಟು ಹಾಕಿದರು. "ಇನ್ನ ಇಬ್ಬರೂ ಹಂದರಗಂಬದ ಸುತ್ತ ತಿರುಗ್ರಿ," ಅಂದರು.

ಗಾಳೆಪ್ಪ ಕದಲಲಿಲ್ಲ. ಗಂಟು ನೋಡಿದ, ಕಂಬ ನೋಡಿದ, ಮಾವನನ್ನ ನೋಡಿದ.

"ಏನಾತೋ?" ಅಂದಳು ಅಂಬಮ್ಮ.

"ಯವ್ವಾ, ಕಟ್ಟಿ ತಿರುಗಿದ್ರ ಹುರಿ ಏರ್ತೈತಿ."

ಅಂದವನೇ ಗಂಟು ಬಿಚ್ಚಿದ. ಮಾವನನ್ನ ಎಳೆದು ನಡುವೆ ನಿಲ್ಲಿಸಿದ. ಶಲ್ಯದ ತುದಿ ಮಾವನ ಬಲಗೈಗೆ ಕಟ್ಟಿದ, ಸೆರಗಿನ ತುದಿ ಎಡಗೈಗೆ ಕಟ್ಟಿದ. ಯಂಕೋಬ ಬಾಯಿ ತೆಗೆಯೋದರೊಳಗೆ ಗಾಳೆಪ್ಪ ಕಂಬ ಸುತ್ತಲು ಹೊರಟ. ಹಂಪವ್ವ ಬಾಸಿಂಗದ ಹಿಂದೆ ನಗ್ತಾ ಎದ್ದು ಹೆಜ್ಜೆ ಹಾಕಿದಳು. ಹಲಗೆಯವನು ಇದೂ ಮದುವೆಯ ಪದ್ಧತಿಯೇ ಇರಬೇಕು ಅಂತ ಜೋರು ಬಾರಿಸಿದ. ಮಾವ ಅತ್ತ ಒಂದು ಸುತ್ತು, ಇತ್ತ ಒಂದು ಸುತ್ತು. ರುಮಾಲು ಬಿಚ್ಚಿ ಕೊರಳಿಗೆ ಬಂತು.

"ನಿಲ್ಲಿಸೋ, ತಲಿ ತಿರುಗಾಕ ಹತ್ತೈತಿ!" ಅಂತ ಯಂಕೋಬ ಕೂಗಿದ.

ಗಾಳೆಪ್ಪ ಹಿಂದಿರುಗಿ ಭಕ್ತಿಯಿಂದ ನೋಡಿದ. "ಬರೇ ತಲಿ ಸಾಲಂಗಿಲ್ಲ ಮಾವ," ಅಂದ, "ಪೂರಾ ತಿರುಗ್ರಿ."